ಹತ್ತೊಂಬತ್ತು ಮೇಯಲು ಹೋಗಿವೆ

ಉಲಾನ್‌ಬಾತರ್. ನಾರಂತೂಲ್ ಸಂತೆಯ ಹಿಂಬದಿಯಲ್ಲಿ
ಗೂಡ್ಸ್ ರೈಲಿನ ಹಳೆಯ ಡಬ್ಬಿಯೊಂದು ನನ್ನ ಅಂಗಡಿ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಒಳಗೆ ಬೆಸುಗೆ ಕಡ್ಡಿಯ ಮೂಗು ಮಾತ್ರ ಬೆಚ್ಚಗೆ.

ದುಲ್ಮಾ ಬಂದಳು.
ರತ್ನಗಂಬಳಿ ಕಾರ್ಖಾನೆಯಲ್ಲಿ ಮಂಡಿಯೂರಿ
ಇಪ್ಪತ್ತೆಂಟು ವರ್ಷ ಗಂಟು ಹಾಕಿದವಳು.
ಕುರಿಚರ್ಮದಲ್ಲಿ ಕೂಸಿನ ಹಾಗೆ ಸುತ್ತಿ ತಂದದ್ದು
ಒಂದು ತಗಡಿನ ಹಲಗೆ:
ಕೆಂಪು ದೀಪದ ಚಿಕಿತ್ಸೆ, ಎಂಬತ್ತೊಂಬತ್ತು ಸಾವಿರ ತುಗ್ರಿಕ್.
"ಮುಟ್ಟಿದ್ರೆ ಜುಮ್ ಅನ್ನತ್ತೆ," ಅಂದಳು,
"ಅದೂ ಔಷಧೀನೇ ಇರಬೇಕು."

ನಾಲ್ಕು ತಿರುಪು ಬಿಚ್ಚಿದೆ.
ಐದನೆಯದು ಇರಲೇ ಇಲ್ಲ.
ಹಸಿರು ಹಳದಿ ಗೆರೆಯ ತಂತಿ, ನೆಲಕ್ಕೆ ಹೋಗಬೇಕಾದದ್ದು,
ಬೆರಳುದ್ದಕ್ಕೆ ಕತ್ತರಿಸಿಕೊಂಡು
ಯಾರ ಕೈಯನ್ನೂ ಹಿಡಿಯದೆ ನಿಂತಿತ್ತು.
ಫ್ಯೂಸ್ ಇರಬೇಕಾದಲ್ಲಿ ಅದರ ಗುರುತಷ್ಟೇ ಅಚ್ಚಾಗಿ
ಮೇಲೊಂದು ತುಂಡು ತಂತಿಯ ಸೇತುವೆ.

ಅರವತ್ತು ಬಿಂದು. ಮೂವತ್ತು ಕೆಂಪಗೆ ಉರಿದವು,
ಮೂವತ್ತು ಕಪ್ಪಗೆ ಕೂತವು.
"ಅವು ಕಣ್ಣಿಗೆ ಕಾಣದ ಬೆಳಕು.
ಎಲುಬಿಗೆ ಇಳಿಯೋದು ಅವೇ,"
ದನಿ ದುಲ್ಮಾಳದು, ಮಾತು ಮಾರಿದವನದು.
ಕಾಣದ್ದನ್ನು ಮಾರುವವನಿಗೆ ಎಷ್ಟು ಸುಖ!
ತಕ್ಕಡಿ ಬೇಡ, ಮೊಳ ಹಾಕುವ ಹಾಗಿಲ್ಲ,
ಕೊಳೆತಿದೆ ಅಂತ ವಾಪಸು ತರುವವರಿಲ್ಲ.

ಮೊಬೈಲಿನ ಕ್ಯಾಮೆರಾ ಅವಳ ಕೈಗೆ ಕೊಟ್ಟೆ.
ನಮ್ಮ ಕಣ್ಣಿಗೆ ಸಿಗದ್ದು ಅದಕ್ಕೆ ಮಂಕು ನೇರಳೆಯಾಗಿ ಸಿಗುತ್ತದೆ.
ಕುರಿ ಎಣಿಸುವ ಬೆರಳಲ್ಲಿ ಅವಳೇ ಎಣಿಸಿದಳು.
ಹನ್ನೊಂದು.
ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು.
ಹನ್ನೊಂದು.
"ಹತ್ತೊಂಬತ್ತು ಮೇಯೋಕೆ ಹೋಗಿವೆ," ಅಂದಳು.
ನಗಲಿಲ್ಲ.

ಬೆನ್ನಿಗಂಟಿದ ಚೀಟಿಯಲ್ಲಿ ಯುರೋಪಿನ ಮೊಹರು:
ಎರಡಕ್ಷರ, ಒಂದರ ತೊಡೆಯ ಮೇಲೆ ಇನ್ನೊಂದು ಕೂತಷ್ಟು ಹತ್ತಿರ.
ಉಗುರಿಂದ ಎಬ್ಬಿಸಿದೆ. ಅಡಿಯಲ್ಲಿ ಮತ್ತೊಂದು ಚೀಟಿ,
ಒಂದು ಟೊಮೆಟೊ ಸಸಿ, ಎರಡೆಲೆ, ನಗುವ ಸೂರ್ಯ.
ಗಿಡ ಬೆಳೆಸುವ ದೀಪ.
ದುಲ್ಮಾ ಅದನ್ನೇ ನೋಡಿದಳು, ಬಹಳ ಹೊತ್ತು.
"ಟೊಮೆಟೊಗೂ ಮಂಡಿ ನೋಯತ್ತಾ?"

ಜೊತೆಗೆ ಕೊಟ್ಟ ಕಣ್ಣುಕಾಪು ಮಿಠಾಯಿ ಕಾಗದದ ಬಣ್ಣ.
ಅದನ್ನೇ ಹಾಕಿಕೊಂಡು ದೀಪ ನೋಡಿದೆ.
ರೆಪ್ಪೆ ಮುಚ್ಚಿದರೂ ಹಸಿರು ಚುಕ್ಕೆಗಳು
ಗೋಡೆಯಿಂದ ಗೋಡೆಗೆ ನನ್ನ ಜೊತೆ ನಡೆದವು.

ಒಳ್ಳೆಯವೂ ಸಿಗುತ್ತವೆ, ಅಳೆದು ಮಾಡಿದವು,
ಎರಡು ಕುದುರೆಯ ಬೆಲೆಗೆ.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಆದ್ರೆ ನೋವು ಕಡಿಮೆ ಆಗಿದೆಯಪ್ಪ," ಅಂದಳು.
"ಇಪ್ಪತ್ತು ನಿಮಿಷ ಕೂರ್ತೀನಿ. ಯಾರೂ ಕೂಗಲ್ಲ.
ಅಜ್ಜಿ ದೀಪದಲ್ಲಿದಾಳೆ ಅಂತ
ಮೊಮ್ಮಗನೂ ಬಾಗಿಲಿಂದಲೇ ತಿರುಗ್ತಾನೆ.
ಅದರ ಕೆಳಗೂ ಚೀಟಿ ಇದೆಯಾ? ಕಿತ್ತು ನೋಡು."

ಉಗುರು ಸಂದಿಯ ಅಂಟನ್ನು ಒರೆಸಿಕೊಂಡೆ.
ಫ್ಯೂಸ್ ಹಾಕಿದೆ. ಕತ್ತರಿಸಿದ ತಂತಿಗೆ ತುಂಡು ಸೇರಿಸಿ
ತಗಡಿಗೆ ಬಿಗಿದೆ.
"ನಿನ್ನ ಗುಡಾರದಲ್ಲಿ ನೆಲದ ತಂತಿ ಇದೆಯಾ?"
"ನೆಲ ಇದೆ."
ಕಲ್ಲಾಗಿ ಹೆಪ್ಪುಗಟ್ಟಿದ ನೆಲ. ಕಬ್ಬಿಣದ ಗೂಟ ಇಳಿಯಲು
ಮೇ ತಿಂಗಳೇ ಬರಬೇಕು.
"ಅಲ್ಲೀವರೆಗೆ ಹಚ್ಚಬೇಡ."
"ಆಗಲಿ," ಅಂದಳು, ಇವತ್ತು ರಾತ್ರಿಯೇ ಹಚ್ಚುವವರು
ಹೇಳುವ ಹಾಗೆ.

ಪ್ಲಗ್ ಕತ್ತರಿಸಿ ನನ್ನ ಜೇಬಿಗೆ ಹಾಕಿಕೊಂಡೆ.

ಮೂರು ಸಾವಿರ ಕೇಳಿದೆ. ಎರಡಕ್ಕೆ ಇಳಿಸಿದಳು.
ಹಲಗೆಗೆ ಮತ್ತೆ ಕುರಿಚರ್ಮ ಹೊದಿಸಿ
ಬಾಗಿಲಲ್ಲಿ ನಿಂತಳು, ಉಸಿರು ಬಿಳಿಯಾಗುವ ಜಾಗದಲ್ಲಿ.
"ಸುಮ್ನೆ ಕೂರೋಕೆ ಪ್ಲಗ್ ಯಾಕೆ ಬೇಕು?
ಆದ್ರೆ ಉರೀದಿದ್ರೆ
ಹುಡುಗನಿಗೆ ಗೊತ್ತಾಗಿಬಿಡತ್ತಲ್ಲ."